ಲೆಕ್ಕಿಗಲಕ್ಷಣದೀಪಿಕೆ: ಪದವ್ಯುತ್ತರ ಕಾಂಡ

ಶಾಸ್ತ್ರ ಬರೆಯಲು ಕೂತವರು ಮೊದಲು ಅನುಬಂಧ ಚತುಷ್ಟಯ ಹೇಳಿ ಮುಗಿಸಬೇಕೆಂಬುದು ಹಿರಿಯರ ಕಟ್ಟಳೆ. ಗ್ರಂಥಕ್ಕೆ ಅಧಿಕಾರಿ ಯಾರು, ವಿಷಯ ಏನು, ಸಂಬಂಧ ಯಾವುದು, ಪ್ರಯೋಜನ ಎಷ್ಟು? ಅಧಿಕಾರಿ: ಬಿಕಾಂ ಮುಗಿಸಿ ಮನೆಯಲ್ಲಿ ಕೂತವನು ಅಥವಾ ಕೂತವಳು. ವಿಷಯ: ಅಲ್ಲಿಂದ ಏಳುವುದು. ಸಂಬಂಧ: ಹುಡುಕಿದರೆ ಸೋದರಮಾವನ ಕಡೆಯಿಂದ ಒಬ್ಬ ಆಡಿಟರು ಸಂಬಂಧ ಆಗಿಯೇ ಆಗುತ್ತಾರೆ. ಪ್ರಯೋಜನ: ಈ ಸಲ ತಿಳಿಯದಿದ್ದರೆ ಮುಂದಿನ ಅಟೆಂಪ್ಟಿನಲ್ಲಿ ತಿಳಿಯುತ್ತದೆ.

ಮಂಗಳಾಚರಣೆಗೆ ಚಿತ್ರಗುಪ್ತನನ್ನು ಕರೆಯುವುದು ಲೆಕ್ಕದವರ ವಾಡಿಕೆ. ನಾವು ಕರೆಯುವುದಿಲ್ಲ. ಅವನು ಪದವೀಧರನೆನ್ನಲು ಪುರಾಣಗಳಲ್ಲಿ ಆಧಾರ ಸಿಕ್ಕಿಲ್ಲ. ಯಮನೆಂಬ ಒಬ್ಬನೇ ಪ್ರಿನ್ಸಿಪಾಲನ ಕೈಕೆಳಗೆ ಯುಗಗಟ್ಟಲೆ ದುಡಿದವನು ಸ್ವಂತ ಬೋರ್ಡು ಹಾಕಿದ್ದನ್ನೂ ಯಾರೂ ಕೇಳಿಲ್ಲ. ಅವನು ಸೇರುವ ವರ್ಗವೇ ಬೇರೆ. ಅದು ಗ್ರಂಥದ ಕೊನೆಗೆ ಬರುತ್ತದೆ.

ಇನ್ನು ಪೂರ್ವಾಚಾರ್ಯರು. ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಕೌಟಿಲ್ಯ ಅಕ್ಷಪಟಲವೆಂಬ ಲೆಕ್ಕದ ಕಚೇರಿಯನ್ನು ಕಟ್ಟಿಸಿ, ಲೆಕ್ಕಗಳೆಲ್ಲ ಆಷಾಢದಲ್ಲಿ ಅಲ್ಲಿಗೆ ಬಂದು ಸೇರಬೇಕೆಂದು ವಿಧಿಸಿದ. ಜುಲೈ ತಿಂಗಳ ರಿಟರ್ನ್ ಗಡಿಬಿಡಿಗೆ ಇಷ್ಟು ಹಳೆಯ ಪ್ರಮಾಣ ಇದೆಯೆಂದು ತಿಳಿದರೆ ಆಡಿಟರ್ ಆಫೀಸಿನ ಹುಡುಗರಿಗೆ ಕೊಂಚ ಸಮಾಧಾನವಾದೀತು. ಅದೇ ಆಚಾರ್ಯ ಸರ್ಕಾರದ ಹಣ ನುಂಗುವ ನಲವತ್ತು ಬಗೆಗಳನ್ನು ಎಣಿಸಿಟ್ಟ. ಲೆಕ್ಕ ಕಲಿಯಲು ಬರುವವರ ಬಗೆಗಳನ್ನು ಮಾತ್ರ ಎಣಿಸಲಿಲ್ಲ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದಲ್ಲಿ ಅಸಲು ಬಡ್ಡಿಗಳ ಲೆಕ್ಕ ತುಂಬಿಸಿದ. ಅವನ್ನು ಬಿಡಿಸಿದ ಶಿಷ್ಯ ಎಷ್ಟನೆಯ ಸಲಕ್ಕೆ ಪಾಸಾದ ಎಂಬುದನ್ನು ಬರೆಯಲಿಲ್ಲ. 1494ರಲ್ಲಿ ವೆನಿಸಿನಲ್ಲಿ ಜಮಾ-ಖರ್ಚಿನ ಇಬ್ಬಗೆ ದಾಖಲೆಯ ವಿಧಾನವನ್ನು ಅಚ್ಚುಹಾಕಿಸಿದ ಲೂಕಾ ಪಾಚೋಲಿ ಸನ್ಯಾಸಿ. ಅವನಿಗೆ ಈ ವಿಷಯದಲ್ಲಿ ಮನೆಯವರ ಕಾಟ ಇದ್ದಿರಲಾರದು. ಹೀಗೆ ಎಲ್ಲರೂ ಬಿಟ್ಟುಹೋದ ಜಾಗದಲ್ಲಿ ಈ ಗ್ರಂಥ ಕಾಲಿಡುತ್ತಿದೆ. ಕ್ರಮ ಶಬ್ದಮಣಿದರ್ಪಣದ್ದು: ಸೂತ್ರ, ವೃತ್ತಿ, ಪ್ರಯೋಗ. ಕೇಶಿರಾಜನಂತೆ ಕೊನೆಯವರೆಗೂ ಅದನ್ನು ಪಾಲಿಸುವ ಶಿಸ್ತು ನನ್ನಲ್ಲಿಲ್ಲವೆಂದು ಮೊದಲೇ ಒಪ್ಪಿಕೊಳ್ಳುತ್ತೇನೆ.

ನಮ್ಮ ಸೀಮೆಯಲ್ಲಿ ಲೆಕ್ಕ ಇದ್ದದ್ದು ಬಟ್ಟೆಯ ಮೇಲೆ. ಹುಣಸೆಬೀಜದ ಸರಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆದರೆ ಅದು ಕಡತ. ತಪ್ಪಾದರೆ ಒರೆಸಿ ಮತ್ತೆ ಬರೆಯಬಹುದಿತ್ತು. ಈಗ ಕಡತವೆಂಬ ಹೆಸರು ಸರ್ಕಾರಿ ಫೈಲಿಗೆ ಅಂಟಿಕೊಂಡಿದೆ. ಒರೆಸುವ ಸೌಕರ್ಯ ಮುಂದುವರಿದಿದೆಯೋ ಇಲ್ಲವೋ ಕಚೇರಿಗಳಿಗೆ ಎಡತಾಕುವವರೇ ಹೇಳಬೇಕು. ಕಡತ ಬರೆಯುವವನು ಸೇನಬೋವ, ಬರುಬರುತ್ತ ಶಾನುಭೋಗ. ಅವನ ಮುಖ್ಯ ಅರ್ಹತೆ ಅಪ್ಪ ಶಾನುಭೋಗನಾಗಿರುವುದು. ಆ ಪರೀಕ್ಷೆಯಲ್ಲಿ ನಪಾಸಾದವರಿಲ್ಲ, ರೀವ್ಯಾಲ್ಯುಯೇಶನ್ ಕೇಳಿದವರೂ ಇಲ್ಲ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡಿದ 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂದಾಗ ಆ ಬಾಗಿಲು ಮುಚ್ಚಿತು. ಅಷ್ಟರಲ್ಲಿ ದೆಹಲಿಯಲ್ಲಿ ಇನ್ನೊಂದು ಬಾಗಿಲು ತೆರೆದು ಸುಮಾರು ಹದಿನಾಲ್ಕು ವರ್ಷ ಆಗಿತ್ತು. ಅದರೊಳಗೆ ಹೋಗಲು ಅಪ್ಪನಿದ್ದರೆ ಸಾಲದು. ಅಪ್ಪ ಇದ್ದರೆ ಅಡ್ಡಿಯೇನೂ ಇಲ್ಲ, ಅದು ಬೇರೆ ಮಾತು.

ಲಕ್ಷಣ ಪ್ರಕರಣ

ಸೂತ್ರ: ಪದವಿ ತೀರಿದ ಮೇಲೂ ಪರೀಕ್ಷೆ ತೀರದವನು ಲೆಕ್ಕಿಗಕಾಮಿ.

ವೃತ್ತಿ: ‘ತೀರದವನು’ ಎಂಬಲ್ಲಿ ಸ್ತ್ರೀಲಿಂಗವನ್ನೂ ಸೇರಿಸಿಕೊಳ್ಳಬೇಕು.

ಪ್ರಯೋಗ: “ನಮ್ಮ ಹುಡುಗ ಸಿಎ ಮಾಡ್ತಾ ಇದಾನೆ.”

ಈ ಪ್ರಯೋಗದಲ್ಲಿ ಕ್ರಿಯಾಪದ ಸದಾ ವರ್ತಮಾನದಲ್ಲೇ ಇರುವುದನ್ನು ವೈಯಾಕರಣರು ಗಮನಿಸಬೇಕು. ಎಂಬಿಬಿಎಸ್ ಓದುತ್ತಾರೆ, ಎಂಜಿನಿಯರಿಂಗ್ ಮುಗಿಸುತ್ತಾರೆ, ಸಿಎ ಮಾತ್ರ ‘ಮಾಡ್ತಾ ಇರುತ್ತಾರೆ’. ಅಡುಗೆ, ಪೂಜೆ, ಸಾಲ ಇವುಗಳ ಪಂಕ್ತಿಯಲ್ಲಿ ಕೂರುವ ಕ್ರಿಯೆ ಅದು.

ತಾರ್ಕಿಕರು ಇಲ್ಲಿ ಕೈಯೆತ್ತುತ್ತಾರೆ. ಪದವಿಯಾದ ಮೇಲೂ ಪರೀಕ್ಷೆ ತೀರದವರಲ್ಲಿ ಕೆಎಎಸ್ಸಿಗೆ ಓದುವವನಿದ್ದಾನೆ, ಬ್ಯಾಂಕ್ ಕ್ಲರ್ಕ್ ಹುದ್ದೆಗೆ ಅರ್ಜಿ ಹಾಕಿದವಳಿದ್ದಾಳೆ. ಲಕ್ಷಣ ಅವರ ಮೇಲೂ ಹರಿಯುವುದರಿಂದ ಅತಿವ್ಯಾಪ್ತಿ ದೋಷ ಬಂತು ಎಂದು. ಸರಿ, ‘ಇನ್ನೊಬ್ಬರ ಲೆಕ್ಕವನ್ನು ಕೂಡಿಸುವ ಹಕ್ಕಿಗಾಗಿ’ ಎಂಬ ವಿಶೇಷಣ ಸೇರಿಸೋಣ. ಆಗ ಇನ್ನೊಂದು ಪೂರ್ವಪಕ್ಷ ಏಳುತ್ತದೆ: ಬಿಕಾಂನಲ್ಲಿ ಮೂರು ವರ್ಷ ಕಲಿತದ್ದೇ ಲೆಕ್ಕವಲ್ಲವೇ, ಮತ್ತೆ ಕಲಿಯುವುದೇನು? ಸಮಾಧಾನ ಹೀಗೆ. ಬಿಕಾಂ ಪುಸ್ತಕದಲ್ಲಿ ಅಡಾವೆ ಪತ್ರಿಕೆ ಯಾವಾಗಲೂ ಕೂಡುತ್ತದೆ. ಲೆಕ್ಕದ ಕೆಳಗೇ ಉತ್ತರ ಅಚ್ಚಾಗಿರುತ್ತದೆ. ಕೂಡದಿದ್ದರೆ ತಪ್ಪು ನಮ್ಮದು. ಅಂಗಡಿಯ ಲೆಕ್ಕದ ಕೆಳಗೆ ಉತ್ತರ ಇರುವುದಿಲ್ಲ. ಅಲ್ಲಿ ಅಡಾವೆ ಪತ್ರಿಕೆ ಕೂಡಿಬಿಟ್ಟರೇ ಅನುಮಾನ ಶುರುವಾಗಬೇಕು. ಮೊದಲನೆಯದರಿಂದ ಎರಡನೆಯದಕ್ಕೆ ದಾಟುವ ಸಂಕ ಯಾವ ಕಾಲೇಜಿನಲ್ಲೂ ಇಲ್ಲ.

ಆ ದಾಟುವಿಕೆಗೆ ಈ ದೇಶ ಗೊತ್ತುಮಾಡಿದ ದಾರಿ ನೋಡೋಣ. 1918ರಲ್ಲಿ ಮುಂಬಯಿ ಸರ್ಕಾರ ಅಕೌಂಟೆನ್ಸಿಯಲ್ಲಿ ಡಿಪ್ಲೊಮಾ ಶುರುಮಾಡಿತು. 1932ರ ನಿಯಮಗಳಿಂದ ‘ರಿಜಿಸ್ಟರ್ಡ್ ಅಕೌಂಟೆಂಟ್’ ಎಂಬ ಪ್ರಾಣಿ ಹುಟ್ಟಿತು. 1949ರ ಕಾಯ್ದೆಯ ಪ್ರಕಾರ ಅದೇ ವರ್ಷ ಜುಲೈ 1ರಂದು ಭಾರತೀಯ ಚಾರ್ಟರ್ಡ್ ಅಕೌಂಟೆಂಟುಗಳ ಸಂಸ್ಥೆ ಅಸ್ತಿತ್ವಕ್ಕೆ ಬಂತು. ಗಣರಾಜ್ಯಕ್ಕಿಂತ ಆರು ತಿಂಗಳಿಗೂ ಹೆಚ್ಚು ಹಿರಿಯ ಸಂಸ್ಥೆ ಅದು. ಸಂವಿಧಾನ ಜಾರಿಯಾಗುವ ಮೊದಲೇ ಲೆಕ್ಕ ನೋಡುವವರು ತಯಾರಾಗಿದ್ದರು ಎಂಬುದರಲ್ಲಿ ಏನೋ ಧ್ವನಿ ಇದೆ. ಅದನ್ನು ಆಲಂಕಾರಿಕರಿಗೆ ಬಿಟ್ಟಿದ್ದೇನೆ.

ಪದವೀಧರನಿಗೆ ಅಲ್ಲಿ ‘ಡೈರೆಕ್ಟ್ ಎಂಟ್ರಿ’ ಎಂಬ ಪಕ್ಕದ ಬಾಗಿಲುಂಟು. ಪಿಯುಸಿ ಮುಗಿಸಿ ಬರುವವರು ಫೌಂಡೇಶನ್ ಎಂಬ ಹೊಸ್ತಿಲು ದಾಟಬೇಕು. ವಾಣಿಜ್ಯ ಪದವಿಯಲ್ಲಿ ಶೇ 55 ಬಂದವರಿಗೆ, ಬೇರೆ ಪದವಿಯಲ್ಲಿ ಶೇ 60 ಬಂದವರಿಗೆ ಆ ಹೊಸ್ತಿಲಿನ ಹಂಗಿಲ್ಲ, ನೇರ ಇಂಟರ್‌ಮೀಡಿಯೇಟ್. ಲೆಕ್ಕ ಓದದವನಿಗಿಂತ ಲೆಕ್ಕ ಓದಿದವನಿಗೆ ಐದು ಅಂಕ ರಿಯಾಯಿತಿ; ಮೂರು ವರ್ಷದ ಬಿಕಾಂನ ನಿಖರ ಬೆಲೆ ಎಷ್ಟೆಂದು ಕೇಳುವವರಿಗೆ ಇದಕ್ಕಿಂತ ಸ್ಪಷ್ಟ ಉತ್ತರ ಸಿಗಲಾರದು. 2023ರಲ್ಲಿ ಬಂದ ಹೊಸ ಯೋಜನೆಯಂತೆ ಇಂಟರಿನಲ್ಲಿ ಆರು ಪತ್ರಿಕೆ, ಎರಡು ಗ್ರೂಪ್. ಎರಡೂ ಗ್ರೂಪ್ ಆಗಬೇಕು, ಆಮೇಲೆ ಪ್ರಿನ್ಸಿಪಾಲ ಎನಿಸಿಕೊಳ್ಳುವ ಒಬ್ಬ ಸಿಎ ಕೈಕೆಳಗೆ ಎರಡು ವರ್ಷ ಆರ್ಟಿಕಲ್‌ಶಿಪ್, ಅದು ಮುಗಿದು ಆರು ತಿಂಗಳಾದ ಮೇಲೆ ಫೈನಲ್. ಅಲ್ಲೂ ಆರು ಪತ್ರಿಕೆ, ಎರಡು ಗ್ರೂಪ್. ನಡುವೆ ಕಂಪ್ಯೂಟರಿನ ಮುಂದೆ ಕೂತು ನಮ್ಮ ನಮ್ಮ ವೇಗದಲ್ಲಿ ಮುಗಿಸಬೇಕಾದ ನಾಲ್ಕು ಪಾಠದ ಕಂತುಗಳು. ಕೂಡಿಸಿದರೆ ಪದವಿಯಾದ ಮೇಲೆ ಮೂರೂವರೆ ವರ್ಷದ ಆಸುಪಾಸು. ಕಾಗದದ ಮೇಲೆ.

ಶಾಖಾಭೇದ

ಎಲ್ಲರೂ ಈ ಒಂದೇ ಹೊಳೆಗೆ ಇಳಿಯುವುದಿಲ್ಲ. ಕೊಲ್ಕತ್ತದ ಕಾಸ್ಟ್ ಅಕೌಂಟೆಂಟುಗಳ ಸಂಸ್ಥೆ 1959ರ ಬೇರೆ ಕಾಯ್ದೆಯದು. ಅಲ್ಲೂ ಪದವೀಧರರಿಗೆ ಫೌಂಡೇಶನ್ ಮಾಫಿ. ಇದಕ್ಕೆ ಸಿಎಂಎ ಎನ್ನುತ್ತಾರೆ, ಅಮೆರಿಕದ ಇನ್ನೊಂದು ಪರೀಕ್ಷೆಗೂ ಸಿಎಂಎ ಎನ್ನುತ್ತಾರೆ. ಸಾಲದೆಂಬಂತೆ ಈ ಸಂಸ್ಥೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳೂ ಸಿಎ ಸಂಸ್ಥೆಯ ಮೊದಲಕ್ಷರಗಳೂ ಒಂದೇ. ಅತಿವ್ಯಾಪ್ತಿಗೆ ಉದಾಹರಣೆ ಹುಡುಕುವ ತರ್ಕದ ಮೇಷ್ಟರು ಹೊಗೆ-ಬೆಂಕಿ ಬಿಟ್ಟು ಇದನ್ನೇ ಕೊಡಬಹುದು. ಹೊರದೇಶದ ಶಾಖೆಯಲ್ಲಿ ಬ್ರಿಟನ್ನಿನ ಎಸಿಸಿಎ: ಒಟ್ಟು ಹದಿಮೂರು ಪತ್ರಿಕೆ, ನೂರಕ್ಕೆ ಐವತ್ತು ಬಂದರೆ ಪಾಸು, ಬಿಕಾಂ ಆದವರಿಗೆ ಕೆಲವು ಪತ್ರಿಕೆಗಳ ವಿನಾಯಿತಿ. ಬೆಂಗಳೂರಿನ ಕೆಲವು ಕಾಲೇಜುಗಳು ಇದನ್ನು ಪದವಿಯ ಜೊತೆಗೇ ಕಟ್ಟಿ ಕೊಡುತ್ತವೆ, ಸೀರೆಯ ಜೊತೆ ರವಿಕೆ ಕಣದಂತೆ.

ಎಂಕಾಂ ಶಾಖೆ ನಿರುಪದ್ರವಿ. ಅದಕ್ಕೆ ಸೇರಿದವರು ಕೆ-ಸೆಟ್ ಬರೆದು, ನೆಟ್ ಬರೆದು, ಅತಿಥಿ ಉಪನ್ಯಾಸಕರಾಗುತ್ತಾರೆ. ಅತಿಥಿ ಎಂದರೆ ತಿಥಿ ಇಲ್ಲದವನು, ಯಾವಾಗ ಬರುತ್ತಾನೆಂದು ಗೊತ್ತಿಲ್ಲದವನು ಎಂಬುದು ನಿಘಂಟಿನ ಅರ್ಥ. ಇಲ್ಲಿ ಬರುವ ತಿಥಿ ಗೊತ್ತಿದೆ, ಸಂಬಳ ಬರುವ ತಿಥಿ ಗೊತ್ತಿಲ್ಲ. ಸಿಎ ಮುಗಿಸಿದ್ದನ್ನು ಸ್ನಾತಕೋತ್ತರ ಪದವಿಗೆ ಸಮವೆಂದು 2021ರಲ್ಲಿ ಯುಜಿಸಿ ಒಪ್ಪಿದ ಮೇಲೆ ಎಂಕಾಂ ಮಾಡಿದವರಿಗೆ ಸಂತೋಷವಾಯಿತೋ ಸಿಎ ಮಾಡಿದವರಿಗೆ ಅವಮಾನವಾಯಿತೋ ಇನ್ನೂ ತೀರ್ಮಾನವಾಗಿಲ್ಲ. ಸರ್ಕಾರಿ ನೌಕರರಿಗಾಗಿ ಕೆಪಿಎಸ್‌ಸಿ ನಡೆಸುವ ಇಲಾಖಾ ಪರೀಕ್ಷೆಗಳಲ್ಲಿ ‘ಅಕೌಂಟ್ಸ್ ಲೋಯರ್’, ‘ಅಕೌಂಟ್ಸ್ ಹೈಯರ್’ ಎಂಬ ಎರಡು ಉಂಟು. ಅವರ ಮೋಕ್ಷ ಇನ್‌ಕ್ರಿಮೆಂಟು, ಮುಂಬಡ್ತಿ. ಅವರನ್ನು ಈ ಗ್ರಂಥದಿಂದ ಗೌರವಪೂರ್ವಕವಾಗಿ ಹೊರಗಿಟ್ಟಿದ್ದೇನೆ.

ಪ್ರವೃತ್ತಿ ಪ್ರಕರಣ

ಲೆಕ್ಕಿಗಕಾಮಿಗಳು ಹುಟ್ಟುವ ಕಾರಣಗಳು ಹಲವು.

ಪಿತೃದತ್ತರ ಬೋರ್ಡು ಅವರು ಹುಟ್ಟುವ ಮೊದಲೇ ಬರೆದಾಗಿರುತ್ತದೆ. ಅಪ್ಪನ ಹೆಸರಿನ ಮುಂದೆ ‘ಅಂಡ್ ಕೋ’ ಎಂದಿದೆಯಲ್ಲ, ಆ ‘ಕೋ’ ಇವರೇ. ಶಾನುಭೋಗಿಕೆ ಕಾಯ್ದೆಯಿಂದ ರದ್ದಾದರೂ ರಕ್ತದಿಂದ ರದ್ದಾಗಿಲ್ಲ ಎಂಬುದಕ್ಕೆ ಇವರು ಸಾಕ್ಷಿ. ಅಂಕದತ್ತರು ಪಿಯುಸಿ ಅಕೌಂಟೆನ್ಸಿಯಲ್ಲಿ ನೂರಕ್ಕೆ ನೂರು ತೆಗೆದವರು. ಆ ನೂರು ಅಂಕ ಅವರನ್ನು ಜೀವಮಾನವಿಡೀ ಹಿಂಬಾಲಿಸುತ್ತದೆ. ಇಂಟರಿನ ಅದೇ ವಿಷಯದಲ್ಲಿ ಮೂವತ್ತೊಂದು ಬಂದ ದಿನವಂತೂ ಎದುರಿಗೇ ಬಂದು ಕೂರುತ್ತದೆ. ಭಾವದತ್ತರು ಭಾವ ಹೇಳಿದ್ದಕ್ಕೆ ಬಂದವರು. ಕರಾವಳಿಯಲ್ಲಿ ಈ ಬೆಳೆ ಹುಲುಸು, ಅದಕ್ಕೆ ಕಾರಣವೂ ಇದೆ. ಕೆನರಾ, ಕಾರ್ಪೊರೇಶನ್, ಕರ್ಣಾಟಕ, ಸಿಂಡಿಕೇಟ್, ವಿಜಯ ಎಂದು 1906ರಿಂದ 1931ರೊಳಗೆ ಐದು ಬ್ಯಾಂಕು ಹೆತ್ತ ನೆಲ ಅದು. ಯಾವ ಮನೆಯ ಜಗಲಿಯಲ್ಲಿ ಕೂತರೂ ಒಬ್ಬ ಭಾವನಾದರೂ ಬ್ಯಾಂಕಿನವನು ಸಿಗುತ್ತಾನೆ, ಊಟ ಆಗುವಷ್ಟರಲ್ಲಿ “ಬಿಕಾಂ ಮಾಡಿ ಸುಮ್ಮನೆ ಕೂರಬೇಡ ಮಾರಾಯ” ಎನ್ನುತ್ತಾನೆ.

ನಾಲ್ಕನೆಯದು ಮುಹೂರ್ತಾಪಹಾರಿಣಿ ಎಂಬ ವರ್ಗ. ಇದಕ್ಕೆ ಸ್ವಲ್ಪ ಹೊತ್ತು ಕೊಡಬೇಕು.

ಬಿಕಾಂನ ಕೊನೆಯ ಸೆಮಿಸ್ಟರ್ ಮುಗಿದ ಹುಡುಗಿಯ ಜಾತಕ ಮನೆಯಿಂದ ಹೊರಬೀಳುತ್ತದೆ. ಬಿಎಡ್ ಎಂದರೆ “ಮದುವೆಯಾದ ಮೇಲೂ ಮಾಡಬಹುದು” ಎನ್ನುತ್ತಾರೆ. ಎಂಕಾಂ ಎಂದರೆ “ಎರಡೇ ವರ್ಷ ತಾನೆ, ಅಷ್ಟರಲ್ಲಿ ಹುಡುಗ ನೋಡೋಣ” ಎನ್ನುತ್ತಾರೆ. ಸಿಎಗೆ ರಿಜಿಸ್ಟರ್ ಮಾಡಿಸಿದೆ ಎಂದರೆ ಮನೆ ತಬ್ಬಿಬ್ಬಾಗುತ್ತದೆ, ಏಕೆಂದರೆ ಅದು ಯಾವಾಗ ಮುಗಿಯುತ್ತದೆಂದು ಹೇಳುವ ಜೋಯಿಸ ಹುಟ್ಟಿಲ್ಲ. ಗಂಡಿನ ಕಡೆಯವರು ಫೋನು ಮಾಡಿದರೆ “ಅವಳು ಸಿಎ ಮಾಡ್ತಾ ಇದಾಳೆ” ಎಂಬ ಉತ್ತರ, ಮತ್ತೆ ಅದೇ ವರ್ತಮಾನ ಕಾಲ. ಇಂಥ ಒಬ್ಬಳು ನಾನಿರುವ ಆಡಿಟರ್ ಆಫೀಸಿನಲ್ಲಿ ಆರ್ಟಿಕಲ್ ಆಗಿದ್ದಳು. ಓದಿನ ಮೇಲೆ ಅವಳಿಗೆ ಮೊದಲು ಪ್ರೀತಿ ಏನೂ ಇರಲಿಲ್ಲ. ಕೊಡೆ ಹಿಡಿದಂತೆ ಅದನ್ನು ಹಿಡಿದಿದ್ದಳು. ಕೊಡೆಯ ಕೆಳಗೆ ನಿಂತು ನಿಂತು ಬೇಸರವಾಗಿ ಓದತೊಡಗಿದಳು. ಮೂರನೆಯ ಸಲ ಇಂಟರ್, ಎರಡನೆಯ ಸಲ ಫೈನಲ್. ಪಾಸಾದ ದಿನ ಮನೆಗೆ ಫೋನು ಮಾಡುವ ಮೊದಲು ನನ್ನ ಟೇಬಲ್ಲಿಗೆ ಬಂದು “ಸಾರ್, ಈಗೇನು ನೆಪ ಹೇಳಲಿ?” ಎಂದಳು. ಮದರಾಸಿನ ಆರ್. ಶಿವಭೋಗಂ ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲಿಗೆ ಹೋಗಿ ಬಂದು 1930ರ ದಶಕದಲ್ಲಿ ದೇಶದ ಮೊದಲ ಮಹಿಳಾ ರಿಜಿಸ್ಟರ್ಡ್ ಅಕೌಂಟೆಂಟ್ ಆದರು. ನಮ್ಮ ಹುಡುಗಿಯದೂ ಸಣ್ಣ ಪ್ರಮಾಣದ ಕಾನೂನುಭಂಗ ಚಳವಳಿಯೇ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಕಾಲಮಾನ ಪ್ರಕರಣ

ಸೂತ್ರ: ಲೆಕ್ಕಿಗಕಾಮಿಯ ವಯಸ್ಸು ಅಟೆಂಪ್ಟುಗಳಲ್ಲಿ.

ವೃತ್ತಿ: ಅವನನ್ನು ಹುಟ್ಟಿದ್ದು ಯಾವಾಗ ಎಂದು ಕೇಳಬಾರದು, ‘ಡ್ಯೂ ಯಾವಾಗ’ ಎಂದು ಕೇಳಬೇಕು. ಬಸುರಿಯನ್ನು ಕೇಳುವ ಪ್ರಶ್ನೆಯೇ ಇದು, ಉತ್ತರದಲ್ಲಿ ಮಾತ್ರ ಅಷ್ಟು ಖಚಿತತೆ ಇರುವುದಿಲ್ಲ.

ಹಿಂದೆ ವರ್ಷಕ್ಕೆ ಎರಡು ಅಟೆಂಪ್ಟು ಇದ್ದವು, ಮೇ ಮತ್ತು ನವೆಂಬರ್, ಉತ್ತರಾಯಣ ದಕ್ಷಿಣಾಯನದ ಹಾಗೆ. ಈಗ ಮೂರು: ಜನವರಿ, ಮೇ, ಸೆಪ್ಟೆಂಬರ್. ಇಂಟರಿಗೆ 2024ರಿಂದಲೇ, ಫೈನಲಿಗೆ 2025ರಿಂದ. ಶ್ರೌತದಲ್ಲಿ ಚಾತುರ್ಮಾಸ್ಯವೆಂಬ ಯಾಗವಿದೆ. ವೈಶ್ವದೇವ, ವರುಣಪ್ರಘಾಸ, ಸಾಕಮೇಧ ಎಂದು ನಾಲ್ಕು ನಾಲ್ಕು ತಿಂಗಳಿಗೊಂದು ಪರ್ವ. ಸಂಸ್ಥೆಯವರು ಅದನ್ನು ನೋಡಿಯೇ ಹೀಗೆ ಮಾಡಿದರೆಂದು ವಾದಿಸುವ ಧೈರ್ಯ ನನಗಿಲ್ಲ, ಆದರೆ ಎರಡರಲ್ಲೂ ತಲೆ ಬೋಳಿಸಿಕೊಂಡು ಶುರುಮಾಡುವವರನ್ನು ಕಂಡಿದ್ದೇನೆ. ಪರ್ವ ಹೆಚ್ಚಾದದ್ದು ಒಳ್ಳೆಯದೇ? ಸೋತವನಿಗೆ ಆರು ತಿಂಗಳು ಕಾಯುವ ಕಷ್ಟ ತಪ್ಪಿತು ಎನ್ನುತ್ತಾರೆ. ನಿಜ. ಸೋತು ಅಳುವುದಕ್ಕೆ ಇದ್ದ ಬಿಡುವೂ ಹೋಯಿತು ಎಂಬುದನ್ನು ಯಾರೂ ಜಮಾ ಹಿಡಿಯುವುದಿಲ್ಲ.

ಅನುತ್ತೀರ್ಣ ಪ್ರಕರಣ

ನಪಾಸಾಗುವುದರಲ್ಲಿ ಈ ಶಾಸ್ತ್ರದಷ್ಟು ಸೂಕ್ಷ್ಮ ಭೇದ ಬೇರೆಲ್ಲೂ ಇಲ್ಲ. ನಿಯಮ ಇಷ್ಟೇ: ಪ್ರತಿ ಪತ್ರಿಕೆಯಲ್ಲಿ ಶೇ 40 ಬರಬೇಕು, ಗ್ರೂಪಿನ ಒಟ್ಟು ಶೇ 50 ಆಗಬೇಕು. ಈ ಎರಡು ಗೆರೆಗಳ ನಡುವೆ ಒಂದು ಪ್ರಪಂಚವೇ ಇದೆ.

ಏಕಪತ್ರಹತ: ಒಂದರಲ್ಲಿ 75, ಇನ್ನೊಂದರಲ್ಲಿ 68, ಮೂರನೆಯದರಲ್ಲಿ 38. ಒಟ್ಟು ಬೇಕಾದ್ದಕ್ಕಿಂತ ಮೂವತ್ತೊಂದು ಹೆಚ್ಚಿದ್ದರೂ ಸತ್ತ. ಸಮೂಹಹತ: 49, 50, 49. ಎಲ್ಲ ಪತ್ರಿಕೆಯಲ್ಲೂ ಪಾಸು, ಒಟ್ಟಿನಲ್ಲಿ ನಪಾಸು. ಇದನ್ನು ಅಜ್ಜಿಗೆ ಅರ್ಥ ಮಾಡಿಸುವುದಕ್ಕಿಂತ ಅದ್ವೈತ ಅರ್ಥ ಮಾಡಿಸುವುದು ಸುಲಭ. “ಎಲ್ಲದರಲ್ಲೂ ಪಾಸಾಗಿದ್ದೀಯ, ಆದರೂ ಫೇಲು ಅಂತೀಯಲ್ಲ, ಬುದ್ಧಿ ಸರಿ ಇದೆಯಾ?” ಎಂಬ ಪ್ರಶ್ನೆಗೆ ಸಂಸ್ಥೆಯ ನಿಯಮಾವಳಿಯಲ್ಲಿ ಉತ್ತರವಿದೆ, ಅಜ್ಜಿಯ ಜಗತ್ತಿನಲ್ಲಿ ಇಲ್ಲ.

ಆದರೆ ಈ ಹೋಮಕುಂಡದಲ್ಲಿ ಒಂದು ಕರುಣೆಯೂ ಇದೆ, ಅದರ ಹೆಸರು ಎಕ್ಸೆಂಪ್ಷನ್. ಗ್ರೂಪು ಹೋದರೂ ಒಂದು ಪತ್ರಿಕೆಯಲ್ಲಿ 60 ಬಂದಿದ್ದರೆ ಮುಂದಿನ ಮೂರು ಅಟೆಂಪ್ಟುಗಳವರೆಗೆ ಆ ಪತ್ರಿಕೆ ಬರೆಯಬೇಕಿಲ್ಲ. ಮಹಾರಾಜರ ಕಾಲದಲ್ಲಿ ಕಂದಾಯವಿಲ್ಲದ ಇನಾಂ ಭೂಮಿ ಕೊಡುತ್ತಿದ್ದರಲ್ಲ, ಅದೇ. ಇದರ ಬಾಳಿಕೆ ಮೂರು ತಲೆಮಾರಿನ ಬದಲು ಮೂರು ಪರೀಕ್ಷೆ. ಎಕ್ಸೆಂಪ್ಷನ್ ಸಿಕ್ಕವನು ಇನಾಂದಾರನಂತೆಯೇ ನಡೆದುಕೊಳ್ಳುತ್ತಾನೆ. ಆ ವಿಷಯದ ಪುಸ್ತಕವನ್ನು ತಮ್ಮನಿಗೆ ಕೊಟ್ಟುಬಿಡುತ್ತಾನೆ, ಅದರ ಬಗ್ಗೆ ಕಿರಿಯರಿಗೆ ಪ್ರವಚನ ಮಾಡುತ್ತಾನೆ. ಕೇಳಿ ಉಳಿಸಿಕೊಳ್ಳದಿದ್ದರೆ ನಾಲ್ಕನೆಯ ಅಟೆಂಪ್ಟಿಗೆ ಭೂಮಿ ಸರ್ಕಾರಕ್ಕೆ ವಾಪಸಾಗುತ್ತದೆ.

ಗುರುಕುಲ ಪ್ರಕರಣ

ಇಲ್ಲಿಗೆ ಸೂತ್ರಗಳನ್ನು ಬಿಡುತ್ತೇನೆ. ಆರ್ಟಿಕಲ್‌ಶಿಪ್ಪನ್ನು ಸೂತ್ರದಲ್ಲಿ ಕಟ್ಟಲು ಬರುವುದಿಲ್ಲ.

ಸಂಸ್ಥೆಯ ಲಾಂಛನದಲ್ಲಿ ಗರುಡನಿದ್ದಾನೆ, ಜೊತೆಗೆ ಕಠೋಪನಿಷತ್ತಿನ ಒಂದು ಮಾತಿದೆ: ಎಲ್ಲರೂ ಮಲಗಿರುವಾಗ ಎಚ್ಚರವಾಗಿರುವವನು ಎಂಬ ಅರ್ಥದ್ದು. ಉಪನಿಷತ್ತು ಅದನ್ನು ಹೇಳಿದ್ದು ಪರಮಾತ್ಮನ ಬಗ್ಗೆ. ಸೆಪ್ಟೆಂಬರ್ 29ರ ರಾತ್ರಿ ಹನ್ನೆರಡಕ್ಕೆ, ಟ್ಯಾಕ್ಸ್ ಆಡಿಟ್ ಗಡುವಿನ ಹಿಂದಿನ ದಿನ, ಶಿವಮೊಗ್ಗದ ಯಾವುದಾದರೂ ಆಡಿಟರ್ ಆಫೀಸಿನ ಮಹಡಿಯಲ್ಲಿ ಉರಿಯುವ ಟ್ಯೂಬ್‌ಲೈಟ್ ನೋಡಿದವರು ಬೇರೆ ಭಾಷ್ಯ ಬರೆಯುತ್ತಾರೆ. ಆ ಮಾತು ಹೇಳಿದವನು ಯಮ, ಕೇಳಿಸಿಕೊಂಡವನು ನಚಿಕೇತ. ಯಮ ಮನೆಯಲ್ಲಿಲ್ಲದಾಗ ಬಾಗಿಲಲ್ಲಿ ಮೂರು ರಾತ್ರಿ ಊಟವಿಲ್ಲದೆ ಕಾದ ಹುಡುಗ ಅವನು. ಚಿತ್ರಗುಪ್ತನಲ್ಲ, ನಚಿಕೇತನೇ ಮೊದಲ ಆರ್ಟಿಕಲ್ ಎಂದು ನನ್ನ ಸಿದ್ಧಾಂತ. ಕಾಯಿಸಿದ್ದಕ್ಕೆ ಆ ಪ್ರಿನ್ಸಿಪಾಲ ರಾತ್ರಿಗೊಂದರಂತೆ ಮೂರು ವರ ಕೊಟ್ಟ. ಈಗಿನವರು ಸ್ಟೈಪೆಂಡ್ ಕೊಡುತ್ತಾರೆ, ಅದರ ಕನಿಷ್ಠ ಮಿತಿ ಊರಿನ ಜನಸಂಖ್ಯೆಯ ಮೇಲೆ ನಿಂತಿದೆ. ದೊಡ್ಡ ಊರಿನಲ್ಲಿ ಹಸಿವು ಜಾಸ್ತಿ ಎಂಬ ಗೃಹೀತ ಅದರ ಹಿಂದಿರಬೇಕು. ರಜೆ ಎರಡು ವರ್ಷಕ್ಕೆ ಒಟ್ಟು 24 ದಿನ.

ಶಿಷ್ಯರಲ್ಲಿ ಎರಡು ಜಾತಿ: ಬರುವವರು, ಬಾರದವರು. ಬಾರದವರಿಗೆ ‘ಡಮ್ಮಿ’ ಎಂದು ಹೆಸರು. ಹೆಸರು ಆಫೀಸಿನಲ್ಲಿ, ದೇಹ ಕೋಚಿಂಗ್ ಕ್ಲಾಸಿನಲ್ಲಿ. ಇದು ನಿಯಮಕ್ಕೆ ವಿರುದ್ಧ, ಸಂಸ್ಥೆ ಶಿಕ್ಷೆಯನ್ನೂ ಕೊಡುತ್ತದೆ, ಆದರೂ ಈ ಜಾತಿ ನಶಿಸಿಲ್ಲ. ಇಲ್ಲದ ಕೂಲಿಯವರ ಹೆಸರನ್ನು ಮಸ್ಟರ್ ರೋಲಿನಲ್ಲಿ ಹಿಡಿಯುವುದು ಆಡಿಟರ ಕೆಲಸ; ಆ ಕೆಲಸ ಕಲಿಯಲು ತಾನೇ ಇಲ್ಲದ ಕೂಲಿಯಾಗುವವನನ್ನು ಕಂಡರೆ ಕೌಟಿಲ್ಯ ನಲವತ್ತೊಂದನೆಯ ಬಗೆಯನ್ನು ಸೇರಿಸುತ್ತಿದ್ದನೋ ಏನೋ.

ಬರುವವರ ಜಾತಿಗೆ ಸೇರಿದವನು ನಾನು. ನಮ್ಮ ಕಾಲದಲ್ಲಿ ಮೂರು ವರ್ಷ. ಮೊದಲ ಆರು ತಿಂಗಳು ವೌಚರಿಗೆ ಹಸಿರು ಪೆನ್ಸಿಲಿನಲ್ಲಿ ಟಿಕ್ ಹಾಕಿದೆ. ಟಿಕ್‌ನ ಅರ್ಥ ಏನೆಂದು ನಾಲ್ಕನೆಯ ತಿಂಗಳಲ್ಲಿ ತಿಳಿಯಿತು. ಅಡಿಕೆ ಮಂಡಿ, ಸೊಸೈಟಿ, ಏಪ್ರಿಲ್ ಬಂದರೆ ಬ್ಯಾಂಕ್ ಬ್ರಾಂಚು. ಮಲೆನಾಡಿನ ಬ್ರಾಂಚುಗಳಲ್ಲಿ ಚಿನ್ನದ ಸಾಲದ ಪೊಟ್ಟಣಗಳನ್ನು ಎಣಿಸುವಾಗ ಯಾರ ಮನೆಯಲ್ಲಿ ಮದುವೆಯಾಯಿತು, ಯಾರ ತೋಟಕ್ಕೆ ಕೊಳೆರೋಗ ಬಂತು ಎಂದು ಲೆಡ್ಜರಿನಿಂದಲೇ ಗೊತ್ತಾಗುತ್ತಿತ್ತು.

ಒಮ್ಮೆ ಬ್ಯಾಂಕಿನ ಪರವಾಗಿ ಒಂದು ಭತ್ತದ ಗಿರಣಿಯ ಸ್ಟಾಕು ನೋಡಲು ಹೋದೆವು. ಗೋದಾಮಿನಲ್ಲಿ ಅಕ್ಕಿಮೂಟೆಯ ಲಾಟು ಮಾಡಿನವರೆಗೆ. ಸೀನಿಯರ್ ವಿಧಾನ ಹೇಳಿಕೊಟ್ಟ: ಉದ್ದ ಎಣಿಸು, ಅಗಲ ಎಣಿಸು, ಎತ್ತರ ಎಣಿಸು, ಗುಣಿಸು. ಹನ್ನೆರಡು, ಒಂಬತ್ತು, ಹದಿನಾಲ್ಕು, 1512 ಮೂಟೆ. ಗಿರಣಿಯ ಪುಸ್ತಕದಲ್ಲೂ ಅಷ್ಟೇ ಇತ್ತು, ಒಂದು ಮೂಟೆ ಹೆಚ್ಚು ಕಡಿಮೆ ಇಲ್ಲ. ಅಷ್ಟರಲ್ಲಿ ಮಾಲೀಕರು ಮಸಾಲೆದೋಸೆ ತರಿಸಿದ್ದರು. ಸೀನಿಯರ್ ಕೈ ತೊಳೆಯಲು ಹೋದ. ನಾನು ನಿಂತಲ್ಲೇ ಇದ್ದೆ, ಏಕೆಂದರೆ ಲಾಟಿನ ಒಳಗಿಂದ ಬೆಕ್ಕಿನ ಮರಿಗಳು ಕೂಗುವುದು ಕೇಳಿಸುತ್ತಿತ್ತು. ಇಲಿ ಇರಬಹುದು, ಬೆಕ್ಕೂ ಇರಬಹುದು, ಆದರೆ ಅಕ್ಕಿಮೂಟೆಯ ಗೋಡೆಯೊಳಗೆ ಬೆಕ್ಕು ಮರಿ ಹಾಕಲು ಜಾಗ ಎಲ್ಲಿಂದ ಬಂತು? ಕಂಬ ಹಿಡಿದು ಮೇಲೆ ಹತ್ತಿದೆ. ಲಾಟಿನ ನಡುವೆ ಬಾವಿಯಂತೆ ಟೊಳ್ಳು. ತಳದಲ್ಲಿ ಹರಿದ ಗೋಣಿಯ ಮೇಲೆ ಬೆಕ್ಕು, ಮೂರು ಮರಿ. ಹೊರಗಿನ ಸುತ್ತು ಮಾತ್ರ ಅಕ್ಕಿ, ಒಳಗೆ ಬರೀ ಗಾಳಿ. ಆ ಗಾಳಿಯ ಮೇಲೂ ಬ್ಯಾಂಕು ಸಾಲ ಕೊಟ್ಟಿತ್ತು.

ನಮ್ಮ ಪ್ರಿನ್ಸಿಪಾಲರು ಕೇಳಿ ನಗಲಿಲ್ಲ. “ಎಷ್ಟು ಎಣಿಸಿದೆಯೋ ಅಷ್ಟು ಬರಿ, ಬೆಕ್ಕನ್ನು ಬಿಡು” ಎಂದರು. ವರದಿ ಹೋಯಿತು. ಆಮೇಲೆ ಆ ಗಿರಣಿಯಿಂದ ನಮಗೆ ದೋಸೆ ಬರಲಿಲ್ಲ. ಅಂದಿನಿಂದ ಇಂದಿನವರೆಗೆ ಯಾವ ಪ್ರಶ್ನೆಪತ್ರಿಕೆಯಲ್ಲೂ ಬೆಕ್ಕಿನ ಮರಿಯ ಬಗ್ಗೆ ಪ್ರಶ್ನೆ ಬಂದದ್ದನ್ನು ನಾನು ಕಂಡಿಲ್ಲ.

ಶೇಷ ಪ್ರಕರಣ

ಎಲ್ಲ ವರ್ಗೀಕರಣದಲ್ಲೂ ಕೊನೆಗೆ ಯಾವ ಖಾನೆಗೂ ಸೇರದ ಒಂದು ಮುಷ್ಟಿ ಉಳಿಯುತ್ತದೆ. ತಾಳೆಪಟ್ಟಿ ಕೂಡದಿದ್ದಾಗ ವ್ಯತ್ಯಾಸದ ಮೊತ್ತವನ್ನು ‘ಸಸ್ಪೆನ್ಸ್’ ಎಂಬ ಖಾತೆಗೆ ಹಾಕಿ, ತಪ್ಪು ಸಿಕ್ಕಾಗ ತೆಗೆಯೋಣ ಎಂದು ಮುಂದೆ ಹೋಗುತ್ತೇವೆ. ಇಂಟರ್ ಆಗಿ ಫೈನಲ್ ಆಗದವರು ಈ ಖಾತೆಯವರು.

1961ರ ಆದಾಯ ತೆರಿಗೆ ಕಾಯ್ದೆಯ 288ನೆಯ ಕಲಮಿನ ವಿವರಣೆ ‘ಅಕೌಂಟೆಂಟ್’ ಎಂದರೆ ಯಾರೆಂದು ಹೇಳುತ್ತಿತ್ತು: ಪ್ರಾಕ್ಟೀಸಿನ ಪ್ರಮಾಣಪತ್ರ ಹೊಂದಿದ ಚಾರ್ಟರ್ಡ್ ಅಕೌಂಟೆಂಟ್. ಹಾಗಾದರೆ ಮಂಡಿಯಲ್ಲಿ ರೋಜುಕಿರ್ದಿ ಬರೆಯುವವನು, ಸೊಸೈಟಿಯಲ್ಲಿ ಶಿಲ್ಕು ತೆಗೆಯುವವಳು, ಬೆಂಗಳೂರಿನಲ್ಲೇ ಹುಟ್ಟಿದ ಟ್ಯಾಲಿಯಲ್ಲಿ ದಿನಕ್ಕೆ ಇನ್ನೂರು ಎಂಟ್ರಿ ಒತ್ತುವವನು, ಜಿಎಸ್‌ಟಿ ಇಪ್ಪತ್ತನೇ ತಾರೀಖು ಬಂತೆಂದು ಹಬ್ಬದ ಊಟ ಬಿಟ್ಟು ಏಳುವವಳು, ಇವರೆಲ್ಲ ಯಾರು? ಕಾಯ್ದೆಯ ಕಣ್ಣಿಗೆ ಇವರು ಅಕೌಂಟೆಂಟುಗಳಲ್ಲ. ಲಕ್ಷಣವು ಲಕ್ಷ್ಯವಸ್ತುಗಳಲ್ಲೇ ಬಹುಪಾಲನ್ನು ಬಿಟ್ಟುಬಿಟ್ಟರೆ ಅದಕ್ಕೆ ಅವ್ಯಾಪ್ತಿ ಎನ್ನುತ್ತಾರೆ. ಎಲ್ಲ ಹಸುಗಳನ್ನೂ ಬಿಟ್ಟು ಕಪಿಲೆಯನ್ನು ಮಾತ್ರ ಹಸು ಎಂದ ಹಾಗೆ. ಎರಡೂ ಗ್ರೂಪು ಒಟ್ಟಿಗೆ ಬರೆದು ಒಟ್ಟಿಗೆ ದಾಟುವವರು ಎಷ್ಟೋ ಫಲಿತಾಂಶಗಳಲ್ಲಿ ನೂರಕ್ಕೆ ಇಪ್ಪತ್ತನ್ನೂ ಮುಟ್ಟುವುದಿಲ್ಲ. ಉಳಿದವರಲ್ಲಿ ಕೆಲವರು ಮತ್ತೆ ಬರೆಯುತ್ತಾರೆ, ಕೆಲವರು ಬರೆಯುವುದನ್ನು ನಿಲ್ಲಿಸುತ್ತಾರೆ. ನಿಲ್ಲಿಸಿದವರೇ ಸೇರಿ ಈ ರಾಜ್ಯದ ಅಂಗಡಿ, ಗಿರಣಿ, ಮಠ, ಶಾಲೆಗಳ ಲೆಕ್ಕ ಬರೆಯುತ್ತಿದ್ದಾರೆ. 2023ರ ಯೋಜನೆಯಲ್ಲಿ ಸಂಸ್ಥೆ ಇವರಿಗಾಗಿ ‘ಬಿಸಿನೆಸ್ ಅಕೌಂಟಿಂಗ್ ಅಸೋಸಿಯೇಟ್’ ಎಂಬ ಪ್ರಮಾಣಪತ್ರದ ದಾರಿ ತೆರೆಯಿತು. ಸಸ್ಪೆನ್ಸ್ ಖಾತೆಗೆ ಕೊನೆಗೂ ಒಂದು ಹೆಸರು ಸಿಕ್ಕಿತು. ನನ್ನ ಕಾಲಕ್ಕೆ ಅದು ಇರಲಿಲ್ಲ.

ನಾಲ್ಕನೆಯ ಅಟೆಂಪ್ಟಿನಲ್ಲಿ ಫೈನಲಿನ ಮೊದಲ ಗ್ರೂಪಿನಲ್ಲಿ ನನಗೆ 400ಕ್ಕೆ 197 ಬಂತು. ನಾಲ್ಕೂ ಪತ್ರಿಕೆ ಪಾಸು. ಮೇಲೆ ವಿವರಿಸಿದ ಸಮೂಹಹತ ವರ್ಗಕ್ಕೆ ನಾನೇ ಪ್ರಯೋಗ. ಅಂಚೆಯವನು ಕವರು ಕೊಟ್ಟು ಹೋದ ಮೇಲೆ ಅಪ್ಪ “ಮೂರು ಅಂಕ ಎಲ್ಲಿ ಹೋಯಿತೋ?” ಎಂದು ಕೇಳಿದರು, ಕಳೆದ ಚಿಲ್ಲರೆಯನ್ನು ಕೇಳುವ ಹಾಗೆ. ಐದನೆಯ ಸಲ ಫಾರಂ ತುಂಬಿದೆ, ಬರೆಯಲು ಹೋಗಲಿಲ್ಲ. ಪ್ರಿನ್ಸಿಪಾಲರು ಅದರ ಬಗ್ಗೆ ಏನೂ ಕೇಳದೆ ನನ್ನ ಟೇಬಲ್ಲನ್ನು ಕಿಟಕಿಯ ಪಕ್ಕಕ್ಕೆ ಹಾಕಿಸಿದರು. ಇಪ್ಪತ್ತಾರು ವರ್ಷದಿಂದ ಅದು ಅಲ್ಲೇ ಇದೆ. ಚಿತ್ರಗುಪ್ತನ ವರ್ಗ ಬೇರೆ ಎಂದು ಆರಂಭದಲ್ಲಿ ಹೇಳಿದ್ದೆನಲ್ಲ, ಅದು ಈ ಟೇಬಲ್ಲು.

ಈಗ ಆಫೀಸು ನಡೆಸುವವನು ಪ್ರಿನ್ಸಿಪಾಲರ ಮಗ, ಪಿತೃದತ್ತ. ಬುದ್ಧಿವಂತ, ಎರಡೂ ಗ್ರೂಪು ಮೊದಲ ಸಲಕ್ಕೇ ದಾಟಿದವನು. ಅವನ ಸಹಿ ಬಿದ್ದ ಪ್ರತಿ ವರದಿಗೂ ಸಂಸ್ಥೆಯ ಜಾಲತಾಣದಿಂದ ಹದಿನೆಂಟು ಅಂಕಿ-ಅಕ್ಷರಗಳ ಒಂದು ಗುರುತು ಹುಟ್ಟಬೇಕು. 2019ರಿಂದ ಅದಿಲ್ಲದೆ ಸಹಿಗೆ ಬೆಲೆಯಿಲ್ಲ. ನನ್ನ ಹೆಸರಿನಲ್ಲಿ ಅಂಥ ಗುರುತು ಹುಟ್ಟಲಾರದು. ಹೋದ ವಾರ ಸಂಜೆ ಒಂದು ಗೋದಾಮಿನಿಂದ ಫೋನು ಮಾಡಿದ.

“ಸಾರ್, ಸ್ಟಾಕ್ ಪೂರ್ತಿ ಟ್ಯಾಲಿ ಆಗ್ತಿದೆ. ಒಂದು ಮೂಟೆನೂ ವ್ಯತ್ಯಾಸ ಇಲ್ಲ. ಸೈನ್ ಮಾಡಿಬಿಡ್ಲಾ?”

“ಹೇಗೆ ಎಣಿಸಿದ್ರಿ?”

“ಉದ್ದ, ಅಗಲ, ಎತ್ತರ.”

“ಹತ್ತಿ ನೋಡಿದ್ರಾ?”

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅವನು ಫೋನನ್ನು ಕಿವಿಯಿಂದ ತೆಗೆದು, ಏಣಿ ಎಲ್ಲಿದೆ ಎಂದು ಯಾರನ್ನೋ ಕೇಳುವುದು ಕೇಳಿಸಿತು.